ಗಣಕಯಂತ್ರದಲ್ಲಿ ಟಿ.ವಿ. ಚಿತ್ರವು ತಡವಾಗುವುದೇಕೆ? ಅದಕ್ಕೆ ಉಪಾಯವೇನು?

ನಮ್ಮ ಹುಲಿಯೂರುದುರ್ಗದಂತಹ ಊರುಗಳಲ್ಲಿಯೂ ಈಗ ಕಂಪ್ಯೂಟರ್ ಎಂಬ ಗಣಕಯಂತ್ರವಿರುವ ಮನೆಗಳುಂಟು. ಮನೆಯಲ್ಲಿ ಪರದೆಯು ಒಂದೇ ಆಗಿದ್ದಲ್ಲಿ, ಅದೇ ಹೆಣ್ಣುಮಕ್ಕಳಿಗೆ ಪಾಠಶಾಲೆಯೂ ಹಿರಿಯರಿಗೆ ದೂರದರ್ಶನವೂ ಹುಡುಗರಿಗೆ ಆಟದ ಬಯಲೂ ಆಗಿರುವುದು. ಸೆಟ್ ಟಾಪ್ ಪೆಟ್ಟಿಗೆಯಿಂದಲೋ ಆಟದ ಯಂತ್ರದಿಂದಲೋ ಬರುವ ತಂತಿಯನ್ನು ಕ್ಯಾಪ್ಚರ್ ಕಾರ್ಡೆಂಬ ಸಣ್ಣ ಉಪಕರಣದ ಮೂಲಕ ಗಣಕಯಂತ್ರಕ್ಕೆ ಜೋಡಿಸಿ, ಟಿ.ವಿ. ಸಾಫ್ಟ್‌ವೇರಿನಲ್ಲಿ ಚಿತ್ರವನ್ನು ನೋಡುವರು. ಹೀಗೆ ನೋಡುವವರದು ಒಂದೇ ದೂರು: ಗುಂಡಿಯನ್ನೊತ್ತಿದರೆ ಚಿತ್ರವು ತಡೆದು ಚಲಿಸುವುದು. ಹೊಸ ಯಂತ್ರವನ್ನೇ ಕೊಳ್ಳಬೇಕೆಂದು ಕೆಲವರು ಎಣಿಸುವರು. ಹಣವನ್ನು ವೆಚ್ಚಮಾಡುವುದಕ್ಕೆ ಮುಂಚೆ, ಈ ತಡವು ಎಲ್ಲಿ ಹುಟ್ಟುವುದೆಂಬುದನ್ನು ಪೋಷಕರೂ ನಮ್ಮ ಹಳೆಯ ವಿದ್ಯಾರ್ಥಿನಿಯರೂ ತಿಳಿಯುವುದು ಲೇಸೆಂದೆಣಿಸಿ ಇದನ್ನು ಬರೆಯುತ್ತೇವೆ.

ತುಮಕೂರಿನಿಂದ ಕುಣಿಗಲ್ ಮಾರ್ಗವಾಗಿ ನಮ್ಮೂರಿಗೆ ಬರುವ ಬಸ್ಸನ್ನು ನೆನೆಯಿರಿ. ಅದು ತಡವಾಗುವುದಕ್ಕೆ ಕಾರಣಗಳೆರಡು: ಒಂದು ದಾರಿಯ ದೂರ, ಇನ್ನೊಂದು ನಡುವಣ ನಿಲ್ದಾಣಗಳು. ದಾರಿಯನ್ನು ನಾವು ಗಿಡ್ಡಮಾಡಲಾರೆವು. ನಿಲ್ದಾಣಗಳನ್ನು ಕಡಿಮೆ ಮಾಡಬಹುದು. ಚಿತ್ರದ ವಿಷಯದಲ್ಲಿಯೂ ಹೀಗೆಯೇ.

ಮೊದಲು ದಾರಿಯ ಮಾತು. ಡಿಶ್ ತಟ್ಟೆಗೆ ಬರುವ ಚಿತ್ರವು ಭೂಮಧ್ಯರೇಖೆಯ ಮೇಲೆ ಸುಮಾರು 36,000 ಕಿಲೋಮೀಟರು ಎತ್ತರದಲ್ಲಿರುವ ಉಪಗ್ರಹಕ್ಕೇರಿ ಇಳಿಯತಕ್ಕದ್ದು. ಕುಣಿಗಲ್ಲಿನ ಮೇಲೆ ಹಾದುಹೋಗುವ ಹೆದ್ದಾರಿಯಲ್ಲಿ ಮುಂದುವರಿದರೆ ಸಿಕ್ಕುವ ಹಾಸನದಲ್ಲಿ, 1982ರಲ್ಲಿ ಸ್ಥಾಪಿತವಾದ ಇಸ್ರೋ ನಿಯಂತ್ರಣ ಕೇಂದ್ರವು ಇಂತಹ ಉಪಗ್ರಹಗಳನ್ನೇ ನೋಡಿಕೊಳ್ಳುತ್ತಿದೆ. ಬೆಳಕಿನ ವೇಗವು ಸೆಕೆಂಡಿಗೆ ಸುಮಾರು 3 ಲಕ್ಷ ಕಿಲೋಮೀಟರು. ಆದಕಾರಣ ಈ 72,000 ಕಿಲೋಮೀಟರಿನ ಪಯಣಕ್ಕೆ ಸುಮಾರು ಕಾಲು ಸೆಕೆಂಡು ಹಿಡಿಯುವುದು. ಇದನ್ನು ಯಾವ ಯಂತ್ರವೂ ತಗ್ಗಿಸಲಾರದು. ಆದರೆ ಸುಮ್ಮನೆ ನೋಡುವವರಿಗೆ ಇದರಿಂದ ನಷ್ಟವಿಲ್ಲ. ವಾರ್ತೆಯನ್ನು ಕಾಲು ಸೆಕೆಂಡು ತಡವಾಗಿ ಕೇಳಿದವರಿಗೆ ಅದು ಅರಿವಿಗೂ ಬಾರದು. ಗುಂಡಿಯನ್ನೊತ್ತಿ ಆಡುವವರಿಗೂ ಮಾತಿಗೆ ಮರುಮಾತು ಹೇಳುವವರಿಗೂ ಮಾತ್ರ ತಡವು ಬಾಧಕವಾದುದು.

ಇನ್ನು ನಿಲ್ದಾಣಗಳು. ಮನೆಯೊಳಗೆ ಮುಖ್ಯವಾಗಿ ನಾಲ್ಕನ್ನು ಎಣಿಸಬಹುದು.

ಮೊದಲನೆಯದು ಕ್ಯಾಪ್ಚರ್ ಕಾರ್ಡು. 1920ಕ್ಕೆ 1080 ಚುಕ್ಕೆಗಳ ಚಿತ್ರವೊಂದರಲ್ಲಿ 20,73,600 ಚುಕ್ಕೆಗಳಿರುವುವು. ಚುಕ್ಕೆಗೆ ಎರಡು ಬೈಟಿನಂತೆ ಸೆಕೆಂಡಿಗೆ 60 ಚಿತ್ರಗಳನ್ನು ಸಾಗಿಸಲು ಸುಮಾರು 249 ಮೆಗಾಬೈಟು ಬೇಕು. ಹಳೆಯ ಯು.ಎಸ್.ಬಿ. 2 ಕಿಂಡಿಯು ಹೆಚ್ಚೆಂದರೆ 60 ಮೆಗಾಬೈಟನ್ನು ಸಾಗಿಸಬಲ್ಲುದು. ಹೀಗಾಗಿ ಕಾರ್ಡು ಚಿತ್ರವನ್ನು ಅದುಮಿ ಕಳುಹಿಸಿ, ಗಣಕಯಂತ್ರವು ಅದನ್ನು ಮತ್ತೆ ಬಿಡಿಸಬೇಕಾಗುವುದು. ಅದುಮುವುದಕ್ಕೂ ಬಿಡಿಸುವುದಕ್ಕೂ ಹೊತ್ತು ಬೇಕು. ಯು.ಎಸ್.ಬಿ. 3ರ ಕಾರ್ಡನ್ನು ಅದೇ ಬಗೆಯ ಕಿಂಡಿಗೆ, ನಡುವೆ ಹಬ್ಬೆಂಬ ಕವಲುಪೆಟ್ಟಿಗೆಯಿಲ್ಲದೆ ನೇರವಾಗಿ ಸಿಕ್ಕಿಸತಕ್ಕದ್ದು. ಹಳೆಯ ಕಿಂಡಿಯೇ ಇದ್ದಲ್ಲಿ ಚಿತ್ರದ ಅಳತೆಯನ್ನು 1280ಕ್ಕೆ 720ರಂತೆ ಕಡಿಮೆ ಮಾಡಿ ನೋಡಬಹುದು.

ಎರಡನೆಯದು ಬಫರ್. ಜನಪದ ಹಾಡಿನಿಂದ ನಾಡಿಗೆಲ್ಲ ಪರಿಚಿತವಾದ ಕುಣಿಗಲ್ ಕೆರೆಯು ಇದಕ್ಕೆ ತಕ್ಕ ಉಪಮಾನ. ಮಳೆಯು ಒಂದೇ ಸಮನೆ ಬಾರದಿದ್ದರೂ, ಕೆರೆಯಲ್ಲಿ ನೀರು ನಿಂತಿರುವುದರಿಂದ ತೂಬಿನಲ್ಲಿ ಸಮವಾಗಿ ಹರಿಯುವುದಷ್ಟೆ. ಹಾಗೆಯೇ ಸಾಫ್ಟ್‌ವೇರು ಕೆಲವು ಚಿತ್ರಗಳನ್ನು ಕೂಡಿಟ್ಟುಕೊಂಡು ಅನಂತರ ತೋರಿಸುವುದು. ಕೆರೆ ದೊಡ್ಡದಾದಷ್ಟೂ ಚಿತ್ರವು ನಯವಾಗಿರುವುದು, ತಡವೂ ಹೆಚ್ಚುವುದು. ವಿ.ಎಲ್.ಸಿ. ಎಂಬ ಪ್ರಸಿದ್ಧ ಸಾಫ್ಟ್‌ವೇರಿನಲ್ಲಿ ನೇರ ಚಿತ್ರಕ್ಕೆ ಸಾಮಾನ್ಯವಾಗಿ 300 ಮಿಲಿಸೆಕೆಂಡಿನ ಸಂಗ್ರಹವನ್ನು ಗೊತ್ತುಮಾಡಿರುವರು. ಅದನ್ನು 200, 100, 50 ಎಂದು ಮೆಟ್ಟಿಲು ಮೆಟ್ಟಿಲಾಗಿ ಇಳಿಸಿ, ಚಿತ್ರವು ತೊದಲಲಾರಂಭಿಸಿದೊಡನೆ ಒಂದು ಮೆಟ್ಟಿಲು ಹಿಂದಕ್ಕೆ ಬರಬೇಕು. ನೇರ ಪ್ರಸಾರವನ್ನು ತಡೆದು ನಿಲ್ಲಿಸುವ ಟೈಮ್ ಶಿಫ್ಟ್ ಎಂಬ ಸೌಕರ್ಯವು ಚಿತ್ರವನ್ನು ಮೊದಲು ಡಿಸ್ಕಿನಲ್ಲಿ ಬರೆದು ಬಳಿಕ ಓದುವುದರಿಂದ, ಆಟದ ವೇಳೆಯಲ್ಲಿ ಅದನ್ನು ಆರಿಸಿಡತಕ್ಕದ್ದು.

ಮೂರನೆಯದು ಗೆರೆಗಳ ಜೋಡಣೆ. ಹಳೆಯ ಮಾದರಿಯ ಟಿ.ವಿ. ಚಿತ್ರವು ಸೆಕೆಂಡಿಗೆ 25ರಂತೆ ಬರುವುದು. ಒಂದೊಂದು ಚಿತ್ರವೂ ಬೆಸ ಗೆರೆಗಳ ಅರ್ಧ, ಸರಿ ಗೆರೆಗಳ ಅರ್ಧ ಎಂದು ಎರಡು ಭಾಗವಾಗಿರುವುದು. ಇವನ್ನು ಕೂಡಿಸಲು ಸಾಫ್ಟ್‌ವೇರು ಮುಂದಿನ ಅರ್ಧಕ್ಕಾಗಿ ಕಾದರೆ 20 ಮಿಲಿಸೆಕೆಂಡು ಕಳೆಯುವುದು. ಡೀಇಂಟರ್ಲೇಸ್ ಎಂಬಲ್ಲಿ ಸರಳ ರೀತಿಯನ್ನಾರಿಸಿದರೆ ಅಂಚುಗಳು ತುಸು ಒರಟಾದರೂ ಹೊತ್ತು ಉಳಿಯುವುದು.

ನಾಲ್ಕನೆಯದು ಪರದೆ. ದೊಡ್ಡ ಟಿ.ವಿ.ಗಳು ಚಿತ್ರಕ್ಕೆ ಮೆರುಗು ಕೊಡುವುದರಲ್ಲಿಯೇ ಕಾಲವನ್ನು ಕಳೆಯುವುವು. ಗೇಮ್ ಮೋಡ್ ಎಂಬುದನ್ನು ಆರಿಸಿದರೆ ಆ ಮೆರುಗು ನಿಂತು ಚಿತ್ರವು ಬೇಗ ಮೂಡುವುದು.

ಇವೆಲ್ಲಕ್ಕಿಂತ ಸುಲಭೋಪಾಯವೊಂದುಂಟು. ಗಣಕಯಂತ್ರದ ಪರದೆಗೇ ಎಚ್.ಡಿ.ಎಂ.ಐ. ಕಿಂಡಿಯಿದ್ದಲ್ಲಿ, ಆಟದ ಯಂತ್ರವನ್ನೋ ಸೆಟ್ ಟಾಪ್ ಪೆಟ್ಟಿಗೆಯನ್ನೋ ಅದಕ್ಕೆ ನೇರವಾಗಿ ಜೋಡಿಸಬಹುದು. ಧ್ವನಿಗೆ ಬೇರೆ ತಂತಿ ಬೇಕಾಗಬಹುದು. ಆಟವನ್ನು ಮುದ್ರಿಸಿಡಬೇಕೆನ್ನುವವರು ಚಿತ್ರವನ್ನು ಎರಡಾಗಿ ಕವಲೊಡೆಸಿ, ಒಂದನ್ನು ನೇರವಾಗಿ ಪರದೆಗೂ ಇನ್ನೊಂದನ್ನು ಕ್ಯಾಪ್ಚರ್ ಕಾರ್ಡಿಗೂ ಕೊಡತಕ್ಕದ್ದು.

ಯಾವ ಬದಲಾವಣೆಯಿಂದ ಎಷ್ಟು ಪ್ರಯೋಜನವಾಯಿತೆಂಬುದನ್ನು ಅಳೆದೇ ನೋಡಬೇಕು. ಗುಂಡಿಯೊತ್ತುವ ಬೆರಳೂ ಪರದೆಯೂ ಒಟ್ಟಿಗೆ ಕಾಣುವಂತೆ ಮೊಬೈಲಿನಲ್ಲಿ ಸೆಕೆಂಡಿಗೆ 60 ಚಿತ್ರಗಳಂತೆ ತೆಗೆದು, ಒಂದೊಂದಾಗಿ ಎಣಿಸಿರಿ. ಬೆರಳಿಗೂ ಚಲನೆಗೂ ನಡುವೆ 12 ಚಿತ್ರಗಳಿದ್ದರೆ ತಡವು ಸೆಕೆಂಡಿನ ಐದನೆಯ ಒಂದು ಪಾಲು. ಒಂದು ಸಾರಿಗೆ ಒಂದೇ ಬದಲಾವಣೆಯನ್ನು ಮಾಡಿ ಮತ್ತೆ ಎಣಿಸಿರಿ.

ಕೊನೆಗೆ ಒಂದು ಮಾತು. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಚಂದನ ವಾಹಿನಿಯಲ್ಲಿ ಪಾಠಗಳು ಪ್ರಸಾರವಾದುವು. ಅಲ್ಲಿ ತಡವಿದ್ದರೂ ಬಾಧೆಯಿರಲಿಲ್ಲ. ಹುಡುಗಿಯರು ಕೇಳುವುದಷ್ಟೇ ಇದ್ದಿತು. ಅಂತರ್ಜಾಲದ ನೇರ ತರಗತಿಯಲ್ಲಿ ಹಾಗಲ್ಲ. ಉಪಾಧ್ಯಾಯಿನಿಯ ಪ್ರಶ್ನೆಯು ತಡವಾಗಿ ಮುಟ್ಟಿ, ಹುಡುಗಿಯ ಉತ್ತರವೂ ತಡವಾಗಿ ಹಿಂದಿರುಗುವಷ್ಟರಲ್ಲಿ ಪ್ರಶ್ನೆಯು ಮುಂದಿನವಳಿಗೆ ಹೋಗಿರುವುದು. ಉತ್ತರವನ್ನು ಬಲ್ಲವಳೇ ಅರಿಯದವಳೆನಿಸಿಕೊಳ್ಳುವಳು. ನಾಲ್ಕು ಸಾರಿ ಹೀಗಾದರೆ ಬಾಯಿ ತೆರೆಯುವುದನ್ನೇ ಬಿಡುವಳು. ಇಂತಹ ತರಗತಿಗೂ ವೈಫೈಗಿಂತ ತಂತಿಯ ಜೋಡಣೆಯೇ ಮೇಲು. ಆ ವೇಳೆಯಲ್ಲಿ ಮನೆಯ ಇತರರು ಅದೇ ಸಂಪರ್ಕದಲ್ಲಿ ಚಲನಚಿತ್ರಗಳನ್ನು ನೋಡದಿರುವುದು ಒಳ್ಳೆಯದು. ತಮ್ಮನ ಆಟವು ತಡವಾಗದಂತೆ ಇಷ್ಟು ಶ್ರಮಪಡುವ ತಂದೆತಾಯಿಗಳು ಅಕ್ಕನ ಪಾಠಕ್ಕಾಗಿಯೂ ಅಷ್ಟೇ ಶ್ರಮವಹಿಸಬೇಕೆಂದು ಬೇಡುತ್ತೇವೆ. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಉಪಾಧ್ಯಾಯಿನಿಯರಾಗಿರುವವರು ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲಿ ಐದನ್ನೆಣಿಸಿ ಆಮೇಲೆ ಮುಂದುವರಿಯಲಿ. ತಂತಿಯಿಂದ ನೀಗದ ತಡವನ್ನು ಅವರ ತಾಳ್ಮೆಯು ನೀಗಿಸುವುದು.