ಎಳೆಯುವುದು ಬೇರೆ, ಹೊರುವುದು ಬೇರೆ

ಮಂಡ್ಯದ ಕಡೆಯವರಾದರೆ ಕಬ್ಬು ಕಡಿಯುವ ಕಾಲದ ಟ್ರ್ಯಾಕ್ಟರ್ ನೋಡಿಯೇ ಇರುತ್ತೀರಿ. ಟ್ರೇಲರಿನಲ್ಲಿ ಮಿತಿಮೀರಿದ ಕಬ್ಬು. ದಿಬ್ಬ ಏರುವಾಗ ಟ್ರ್ಯಾಕ್ಟರಿನ ಮುಂದಿನ ಗಾಲಿಗಳೆರಡೂ ನೆಲ ಬಿಟ್ಟು ಮೇಲೇಳುತ್ತವೆ. ಇಂಜಿನ್ನಿಗೆ ತ್ರಾಣವಿಲ್ಲ ಎಂದಲ್ಲ, ಅದು ಎಳೆಯುತ್ತಲೇ ಇರುತ್ತದೆ. ಆದರೆ ಗಾಲಿ ನೆಲದ ಮೇಲೆ ಇಲ್ಲದಿದ್ದರೆ ಸ್ಟೇರಿಂಗ್ ಯಾವ ಕಡೆ ತಿರುಗಿಸಿದರೇನು?

ಆ ದೃಶ್ಯ ನನಗೆ ಮತ್ತೆ ನೆನಪಾದದ್ದು ಟೆಕ್ಸಸ್‌ನ ಆಸ್ಟಿನ್ ಊರಾಚೆ, ಮಾರಾಟಕ್ಕಿದ್ದ ಹಳೆಯ ಕುದುರೆ ಟ್ರೇಲರ್ ಒಂದರ ಮುಂದೆ ನಿಂತಾಗ. ಇಲ್ಲಿ ಮಕ್ಕಳು ಕುದುರೆ ಸವಾರಿ ಕಲಿಯತೊಡಗಿದರೆ ಕೆಲವು ವರ್ಷಕ್ಕೆ ಸ್ವಂತ ಕುದುರೆ ಬರುತ್ತದೆ, ಅದರ ಹಿಂದೆಯೇ ಟ್ರೇಲರಿನ ಮಾತು. ದೊಡ್ಡ ಟ್ರಕ್ ಕೊಳ್ಳುವಷ್ಟು ಹಣ ಎಲ್ಲರಿಗೂ ಇರುವುದಿಲ್ಲ. ಮನೆಯಲ್ಲಿರುವ ಚಿಕ್ಕ ಪಿಕಪ್‌ಗೇ, ಅಂದರೆ ಫೋರ್ಡ್ ರೇಂಜರ್, ಟೊಯೋಟಾ ಟಕೋಮಾ ಥರದ ಗಾಡಿಗೇ, ಸೆಕೆಂಡ್ ಹ್ಯಾಂಡ್ ಟ್ರೇಲರ್ ಹೊಂದಿಸಲು ನೋಡುತ್ತೇವೆ. ಹೊಂದಿಸಬಹುದು. ಆದರೆ ಲಾಯದಲ್ಲಿ ಬಾಯಿಂದ ಬಾಯಿಗೆ ಹರಿದಾಡುವ ಕೆಲವು ನಂಬಿಕೆಗಳನ್ನು ಮೊದಲು ಬದಿಗಿಡಬೇಕು. ನಾವು ತಪ್ಪು ಮಾಡಿದರೆ ಹಿಂದೆ ಕತ್ತಲಲ್ಲಿ ನಿಂತ ಪ್ರಾಣಿಗೆ ಬಾಯಿಬಿಟ್ಟು ಹೇಳಲು ಬರುವುದಿಲ್ಲ.

“ಟ್ರಕ್ 7,500 ಪೌಂಡ್ ಎಳೆಯುತ್ತದೆ, ಟ್ರೇಲರ್ ಅದಕ್ಕಿಂತ ಕಡಿಮೆ ಇದ್ದರೆ ಸಾಕು”

ಎಲ್ಲಕ್ಕಿಂತ ದೊಡ್ಡ ತಪ್ಪು ತಿಳಿವಳಿಕೆ ಇದು. 2019ರಲ್ಲಿ ಅಮೆರಿಕಕ್ಕೆ ಮರಳಿ ಬಂದ ರೇಂಜರ್‌ನ ಜಾಹೀರಾತಿನಲ್ಲಿ 7,500 ಪೌಂಡ್ ಎಂದಿದ್ದದ್ದು ನಿಜ. ಆದರೆ ಅದು ಟ್ರೇಲರ್ ಎಳೆಯುವ ಪ್ಯಾಕೇಜ್ ಹಾಕಿಸಿದ ಗಾಡಿಗೆ ಮಾತ್ರ. ಅದಿಲ್ಲದ ರೇಂಜರ್‌ನ ಮಿತಿ 3,500 ಪೌಂಡ್. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ ಕಾಣುತ್ತವೆ.

ಈ ಅಂಕಿ ಬರುವುದು ಎಸ್‌ಎಇ ಜೆ2807 ಎಂಬ ಪರೀಕ್ಷೆಯಿಂದ. ಅರಿಜೋನಾದ ಡೇವಿಸ್ ಡ್ಯಾಮ್ ಬಳಿಯ ಉದ್ದನೆಯ ಏರಿನಲ್ಲಿ, ಸುಡುಬಿಸಿಲಿನಲ್ಲಿ, ಎ.ಸಿ. ಹಾಕಿಕೊಂಡು ನಿಗದಿತ ವೇಗ ಕಾಯ್ದುಕೊಂಡು ಗಾಡಿ ಹತ್ತಬೇಕು. ಕಠಿಣ ಪರೀಕ್ಷೆಯೇ. ಆದರೆ ಆ ಲೆಕ್ಕದಲ್ಲಿ ಗಾಡಿಯೊಳಗೆ ಇರುವುದು ತಲಾ 150 ಪೌಂಡಿನ ಇಬ್ಬರು ಮಾತ್ರ. ಹಿಂದಿನ ಸೀಟಿನ ಮಗಳು, ಅವಳ ಗೆಳತಿ, ಡಬ್ಬಿಯ ತುಂಬ ಚಿತ್ರಾನ್ನ, ಎರಡು ಹೊರೆ ಒಣಹುಲ್ಲು, ಯಾವುದೂ ಅದರಲ್ಲಿಲ್ಲ.

ಚಿಕ್ಕ ಟ್ರಕ್ ಮೊದಲು ಸೋಲುವುದು ಎಳೆಯುವುದರಲ್ಲಲ್ಲ, ಹೊರುವುದರಲ್ಲಿ. ಇದು ಎತ್ತಿನ ಗಾಡಿ ಹೊಡೆದವರಿಗೆ ತಕ್ಷಣ ಅರ್ಥವಾಗುತ್ತದೆ. ನಮ್ಮ ತಾತ ಗಾಡಿಗೆ ಮೂಟೆ ತುಂಬಿಸಿದ ಮೇಲೆ ಎತ್ತು ಹೂಡುವ ಮುಂಚೆ ಮೂಕಿಯನ್ನು ಒಮ್ಮೆ ಕೈಯಲ್ಲಿ ಎತ್ತಿ ನೋಡುತ್ತಿದ್ದರು. ತೀರಾ ಹಗುರವಾಗಿದ್ದರೆ “ಹಿಂಭಾರ ಆಯ್ತು ಕಣ್ಲಾ, ಒಂದು ಮೂಟೆ ಮುಂದಕ್ಕೆ ತಳ್ಳು” ಎನ್ನುತ್ತಿದ್ದರು. ಹಿಂಭಾರವಾದರೆ ನೊಗ ಮೇಲೆದ್ದು ಎತ್ತಿನ ಕೊರಳು ಬಿಗಿಯುತ್ತದೆ, ಮುಂಭಾರವಾದರೆ ಹೆಗಲು ಕುಸಿಯುತ್ತದೆ. ಟ್ರೇಲರಿಗೂ ಇದೇ ನ್ಯಾಯ. ಬಂಪರಿನ ಮಟ್ಟದ ಹಿಚ್‌ಗೆ ತಗುಲಿಸುವ ಟ್ರೇಲರಿನ ಒಟ್ಟು ತೂಕದಲ್ಲಿ ಶೇ 10ರಿಂದ 15ರಷ್ಟು ಮೂಕಿಯ ಮೇಲೆ ಇರಬೇಕು. ಅದಕ್ಕಿಂತ ಕಡಿಮೆಯಾದರೆ ಹೆದ್ದಾರಿಯಲ್ಲಿ ಟ್ರೇಲರ್ ಬಾಲ ಆಡಿಸತೊಡಗುತ್ತದೆ, ಹೆಚ್ಚಾದರೆ ಟ್ರಕ್ಕಿನ ಹಿಂಭಾಗ ಕುಸಿದು ಮುಂಭಾಗ ಹಗುರಾಗುತ್ತದೆ. ಆ ಮೂಕಿಭಾರ ಟ್ರಕ್ ಎಳೆಯುವ ಭಾರವಲ್ಲ, ಹೊರುವ ಭಾರ.

ನನ್ನ ಗಾಡಿಯ ಲೆಕ್ಕವನ್ನೇ ಹೇಳುತ್ತೇನೆ. ಚಾಲಕನ ಬಾಗಿಲು ತೆಗೆದರೆ ಕಂಬದ ಮೇಲೆ ಒಂದು ಪಟ್ಟಿ ಅಂಟಿಸಿರುತ್ತಾರೆ; ಜನ, ಸಾಮಾನು ಸೇರಿ ಇಷ್ಟಕ್ಕಿಂತ ಹೆಚ್ಚು ಹೇರಬಾರದು ಎಂದು ಅದರಲ್ಲಿ ಬರೆದಿರುತ್ತದೆ. ನನ್ನದರಲ್ಲಿ 1,480 ಪೌಂಡ್. ನಾವು ನೋಡಿದ್ದು ಎರಡು ಕುದುರೆ ಹಿಡಿಸುವ, ಡ್ರೆಸ್ಸಿಂಗ್ ರೂಮ್ ಇರುವ ಉಕ್ಕಿನ ಟ್ರೇಲರ್: ಖಾಲಿ ತೂಕ 3,300 ಪೌಂಡ್. ಎರಡು ಕುದುರೆಗೆ 2,150. ಜೀನು, ನೀರು, ಮೇವು ಇತ್ಯಾದಿಗೆ 350. ಒಟ್ಟು 5,800. ಜಾಹೀರಾತಿನ 7,500ರ ಪ್ರಕಾರ ಇನ್ನೂ 1,700 ಪೌಂಡ್ ಮಿಗುತ್ತದೆ!

ಈಗ ಹೊರುವ ಲೆಕ್ಕ. ಶೇ 12ರಂತೆ ಮೂಕಿಭಾರ 696. ಹಿಚ್‌ನ ಸಲಕರಣೆಗೆ 90. ನಾವು ಮೂವರು 420. ಟ್ರಕ್ಕಿನ ಹಿಂದೆ ಹುಲ್ಲು, ಕೂಲರ್, ಟೂಲ್‌ಬಾಕ್ಸ್ ಸೇರಿ 250. ಒಟ್ಟು 1,456. ಮಿತಿಗೆ ಬರೀ 24 ಪೌಂಡ್ ಬಾಕಿ. ಕುದುರೆಗಳು ಸ್ವಲ್ಪ ಮುಂದಕ್ಕೆ ನಿಂತು ಮೂಕಿಭಾರ ಶೇ 15 ಆಯಿತೆಂದರೆ ಮಿತಿಗಿಂತ 150 ಪೌಂಡ್ ಹೆಚ್ಚಾಯಿತು. ಒಂದೇ ಟ್ರೇಲರ್, ಒಂದೇ ಟ್ರಕ್. ಒಂದು ಲೆಕ್ಕದಲ್ಲಿ ಧಾರಾಳ, ಇನ್ನೊಂದರಲ್ಲಿ ಜಾಗವೇ ಇಲ್ಲ. ನಂಬಬೇಕಾದದ್ದು ಎರಡನೆಯದನ್ನು.

“ಸ್ಪ್ರಿಂಗ್ ಗಟ್ಟಿ ಮಾಡಿಸಿದರೆ, ಅದಕ್ಕೆ ಗಾಳಿಚೀಲ (ಏರ್‌ಬ್ಯಾಗ್) ಹಾಕಿಸಿದರೆ ಸರಿಹೋಗುತ್ತದೆ”

ಹಿಂಭಾಗ ಕುಸಿಯುವುದು ಕಣ್ಣಿಗೆ ಕಾಣದಂತಾಗುತ್ತದೆ, ಅಷ್ಟೆ. ಆಕ್ಸಲ್, ಚಕ್ರ, ಬ್ರೇಕ್, ಚಾಸಿಸ್ ಎಲ್ಲ ಮೊದಲಿನವೇ. ಬಾಗಿಲ ಪಟ್ಟಿಯ ಅಂಕಿ ಒಂದು ಪೌಂಡೂ ಮೇಲೇರುವುದಿಲ್ಲ. ಭಾರ ಹಂಚುವ ಹಿಚ್ ಇದಕ್ಕಿಂತ ಒಳ್ಳೆಯದು, ಅದು ಮೂಕಿಭಾರದ ಒಂದಷ್ಟನ್ನು ನಿಜವಾಗಿಯೂ ಮುಂದಿನ ಗಾಲಿಗಳಿಗೂ ಟ್ರೇಲರಿನ ಗಾಲಿಗಳಿಗೂ ಸಾಗಿಸುತ್ತದೆ. ಅನೇಕ ಗಾಡಿಗಳಲ್ಲಿ ಇಂಥ ಹಿಚ್ ಇಲ್ಲದೆ ಇಷ್ಟು, ಇದ್ದರೆ ಇಷ್ಟು ಎಂದು ಎರಡು ಅಂಕಿಗಳನ್ನು ಹಿಚ್ ಮೇಲೆಯೇ ಬರೆದಿರುತ್ತಾರೆ, ಬಗ್ಗಿ ನೋಡಿ. ಆದರೆ ಅದೂ ಟ್ರಕ್ಕಿನ ಮಿತಿಯನ್ನು ಹಿಗ್ಗಿಸುವ ಉಪಾಯವಲ್ಲ. ಹಿಚ್, ಅದರ ಮೇಲಿನ ಬಾಲ್, ಬಾಲ್ ಮೇಲೆ ಕೂರುವ ಟ್ರೇಲರಿನ ಕೊಂಡಿ, ಪ್ರತಿಯೊಂದಕ್ಕೂ ಅದರದೇ ಮಿತಿ ಇದೆ. ಇವುಗಳಲ್ಲಿ ಯಾವುದು ಅತಿ ಕಡಿಮೆಯೋ ಅದೇ ನಿಮ್ಮ ಮಿತಿ. ಬಾಲ್‌ನ ಗಾತ್ರವೂ ಕೊಂಡಿಗೆ ಸರಿಯಾಗಿರಬೇಕು. 2 ಇಂಚಿನ ಬಾಲ್ ಮೇಲೆ 2 5/16 ಇಂಚಿನ ಕೊಂಡಿ ಕೂತಂತೆ ಕಾಣುತ್ತದೆ, ಗುಂಡಿಯೊಂದು ಸಿಕ್ಕರೆ ಹಾರಿ ಬೀಳುತ್ತದೆ.

“ಯುರೋಪಿನಲ್ಲಿ ಕಾರಿಗೇ ಕುದುರೆ ಟ್ರೇಲರ್ ಕಟ್ಟುತ್ತಾರಲ್ಲ”

ಕಟ್ಟುತ್ತಾರೆ. ಆದರೆ ಅವರ ಟ್ರೇಲರ್ ಬೇರೆ, ಅವರ ವೇಗ ಬೇರೆ. ಡೆನ್ಮಾರ್ಕಿನ ಬ್ರೆಂಡರುಪ್‌ನಂಥ ಟ್ರೇಲರುಗಳು ಹಗುರ, ಮೂಕಿಭಾರ ಕಡಿಮೆ ಇರುವಂತೆಯೇ ಅವುಗಳ ಗಾಲಿಗಳನ್ನು ಕೂರಿಸಿರುತ್ತಾರೆ. ಜರ್ಮನಿಯಲ್ಲಿ ಟ್ರೇಲರ್ ಕಟ್ಟಿದ ಕಾರಿಗೆ ಸಾಮಾನ್ಯ ಮಿತಿ ಗಂಟೆಗೆ 80 ಕಿ.ಮೀ., ವಿಶೇಷ ಅನುಮತಿ ಇದ್ದರೆ 100. ಟೆಕ್ಸಸ್ ಹೆದ್ದಾರಿಯಲ್ಲಿ ಗಂಟೆಗೆ 70 ಮೈಲಿ, ಅಂದರೆ ಸುಮಾರು 113 ಕಿ.ಮೀ. ವೇಗದಲ್ಲಿ ಅಮೆರಿಕದ ಭಾರಿ ಟ್ರೇಲರನ್ನು ಎಳೆಯುತ್ತ ಯುರೋಪಿನ ಉದಾಹರಣೆ ಕೊಟ್ಟರೆ ಒಪ್ಪಲಾಗದು. ಹಳೆಯ ಬ್ರೆಂಡರುಪ್‌ಗಳು ಇಲ್ಲಿಯೂ ಅಪರೂಪಕ್ಕೆ ಮಾರಾಟಕ್ಕೆ ಬರುತ್ತವೆ. ಚಿಕ್ಕ ಗಾಡಿ ಇರುವವರು ಅವುಗಳ ಮೇಲೆ ಕಣ್ಣಿಟ್ಟಿರುವುದು ಒಳ್ಳೆಯದು.

“ಬಣ್ಣ ಹೊಸದು, ಟೈರಿನ ಗಟ್ಟೆ ಸವೆದಿಲ್ಲ, ಅಂದಮೇಲೆ ಟ್ರೇಲರ್ ಚೆನ್ನಾಗಿದೆ”

ನಾವು ನೋಡಲು ಹೋದ ಟ್ರೇಲರಿಗೂ ಹೊಸ ಬಣ್ಣ ಹೊಡೆದಿದ್ದರು. ಒಳಗಿನ ರಬ್ಬರ್ ಹಾಸು ಎತ್ತಬಹುದೇ ಎಂದು ಕೇಳಿದೆ. ಮಾರುವವರಿಗೆ ಮನಸ್ಸಿರಲಿಲ್ಲ, “ಅದು ತುಂಬ ಭಾರ” ಎಂದರು. ನಾನೂ ಮಗಳೂ ಸೇರಿ ಒಂದು ಮೂಲೆ ಮಡಚಿದೆವು. ಕಣ್ಣು ಉರಿಯುವಂಥ ಮೂತ್ರದ ಘಾಟು ಬಂತು. ಕುದುರೆಯ ಹಿಂಗಾಲು ನಿಲ್ಲುವ ಜಾಗದ ಹಲಗೆ ಕಪ್ಪಾಗಿತ್ತು. ಸ್ಕ್ರೂಡ್ರೈವರ್ ಇಟ್ಟು ಒತ್ತಿದೆ. ನೆನೆದ ಬೆಂಡಿಗೆ ಚುಚ್ಚಿದಂತೆ ಹಿಡಿಯವರೆಗೂ ಇಳಿಯಿತು. ಮಗಳು ಮಾತಾಡಲಿಲ್ಲ. ಸುಮಾರು 1,100 ಪೌಂಡಿನ, ಅಂದರೆ 500 ಕೆ.ಜಿ.ಯ ಪ್ರಾಣಿ ಆ ಹಲಗೆಯ ಮೇಲೆ ನಿಲ್ಲಬೇಕಿತ್ತು. ಓಡುವ ಗಾಡಿಯಲ್ಲಿ ಹಲಗೆ ಮುರಿದರೆ ಕಾಲು ನೇರ ರಸ್ತೆಗೆ. ಇಂಥದ್ದು ನಡೆದಿದೆ, ನಡೆಯುತ್ತಲೂ ಇದೆ. ಟ್ರೇಲರ್ ಕೊಳ್ಳುವವರು ಮೊದಲು ನೋಡಬೇಕಾದದ್ದು ನೆಲವನ್ನೇ, ಹಾಸಿನ ಮೇಲಿನಿಂದಲೂ ಟ್ರೇಲರಿನ ಅಡಿಯಿಂದಲೂ.

ಅಲ್ಯೂಮಿನಿಯಂ ಆದರೆ ಈ ತೊಂದರೆ ಇಲ್ಲ ಎನ್ನುವವರಿದ್ದಾರೆ. ಅಲ್ಯೂಮಿನಿಯಂ ಉಕ್ಕಿನಂತೆ ತುಕ್ಕು ಹಿಡಿಯುವುದಿಲ್ಲ ನಿಜ, ಆದರೆ ಮೂತ್ರ ಅದನ್ನೂ ಕೊರೆಯುತ್ತದೆ; ಮೇಲ್ಮೈಯಲ್ಲಿ ಬಿಳಿ ಪುಡಿ, ಸಣ್ಣ ಸಣ್ಣ ಗುಳಿ ಕಂಡರೆ ಎಚ್ಚರ. ಉಕ್ಕು ಅಲ್ಯೂಮಿನಿಯಂ ಎರಡೂ ತಾಗುವ ಕಡೆ ಸವೆತ ಇನ್ನೂ ಬೇಗ. ಅಲ್ಯೂಮಿನಿಯಂ ಎಂದ ಮಾತ್ರಕ್ಕೆ ಹಗುರ ಎಂಬುದೂ ಪೂರ್ತಿ ಸರಿಯಲ್ಲ. ಅಗಲ ಎತ್ತರ ಹೆಚ್ಚಿರುವ, ಕೋಣೆಯಿರುವ ಅಲ್ಯೂಮಿನಿಯಂ ಟ್ರೇಲರ್ ಸಾದಾ ಉಕ್ಕಿನ ಟ್ರೇಲರಿನಷ್ಟೇ ತೂಗಬಹುದು.

ಟೈರಿಗೆ ಬಂದರೆ, ಗಟ್ಟೆಗಿಂತ ವಯಸ್ಸು ಮುಖ್ಯ. ಟ್ರೇಲರುಗಳು ಓಡುವುದಕ್ಕಿಂತ ಬಿಸಿಲಲ್ಲಿ ನಿಲ್ಲುವುದೇ ಹೆಚ್ಚು, ರಬ್ಬರ್ ಒಳಗಿಂದಲೇ ಗಡುಸಾಗುತ್ತದೆ. ಟೈರಿನ ಬದಿಯಲ್ಲಿ ನಾಲ್ಕು ಅಂಕಿಗಳಿರುತ್ತವೆ: ಮೊದಲೆರಡು ವಾರ, ಕೊನೆಯೆರಡು ವರ್ಷ. ನಾನು ನೋಡಿದ್ದರಲ್ಲಿ 1411 ಎಂದಿತ್ತು, 2011ರ ಹದಿನಾಲ್ಕನೆಯ ವಾರ. ಐದಾರು ವರ್ಷ ದಾಟಿದ ಟ್ರೇಲರ್ ಟೈರ್ ನೋಡಲು ಎಷ್ಟೇ ಚೆನ್ನಾಗಿರಲಿ, ಬದಲಿಸುವ ಖರ್ಚನ್ನು ಬೆಲೆಗೆ ಸೇರಿಸಿಕೊಳ್ಳಿ.

“ಟ್ರಕ್ಕಿನ ಬ್ರೇಕೇ ಸಾಕು”

ಸಾಲದು. ಟ್ರೇಲರಿಗೆ ಬ್ರೇಕ್ ಕಡ್ಡಾಯವಾಗುವ ತೂಕ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಕ್ಯಾಲಿಫೋರ್ನಿಯಾದಲ್ಲಿ 3,000 ಪೌಂಡ್, ಟೆಕ್ಸಸ್‌ನಲ್ಲಿ 4,500. ಕುದುರೆ ಹೊತ್ತ ಟ್ರೇಲರಿಗೆ ಕಾನೂನು ಏನೇ ಹೇಳಲಿ, ನಾಲ್ಕೂ ಗಾಲಿಗೆ ಕೆಲಸ ಮಾಡುವ ಎಲೆಕ್ಟ್ರಿಕ್ ಬ್ರೇಕ್ ಇರಲೇಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೆ ಟ್ರಕ್ಕಿನೊಳಗೆ ಬ್ರೇಕ್ ಕಂಟ್ರೋಲರ್, ಹಿಂದೆ ಏಳು ಪಿನ್ನಿನ ಸಾಕೆಟ್ ಬೇಕು. ಚಿಕ್ಕ ಟ್ರಕ್ಕುಗಳಲ್ಲಿ ಬರೀ ನಾಲ್ಕು ಪಿನ್ನಿನದು ಇರುವುದುಂಟು, ಅದು ದೀಪಗಳಿಗೆ ಮಾತ್ರ. ಕೊಂಡಿ ಕಳಚಿದರೆ ತಾನಾಗಿ ಬ್ರೇಕ್ ಹಾಕುವ ಸ್ವಿಚ್‌ಗೆ ಟ್ರೇಲರಿನ ಮೇಲೆ ಒಂದು ಸಣ್ಣ ಬ್ಯಾಟರಿ ಇರುತ್ತದೆ. ಹಳೆಯ ಟ್ರೇಲರುಗಳಲ್ಲಿ ಅದು ಸತ್ತಿರುವುದೇ ಹೆಚ್ಚು.

ಲಾಯದ ಸುತ್ತ ಒಂದು ರೌಂಡ್ ಎಳೆದು ನೋಡಿ “ಆರಾಮಾಗಿ ಬಂತು” ಎನ್ನುವುದೂ ಪರೀಕ್ಷೆಯಲ್ಲ. ಕುದುರೆ ಸಿಮೆಂಟ್ ಮೂಟೆಯ ಹಾಗೆ ಸುಮ್ಮನೆ ಬಿದ್ದಿರುವುದಿಲ್ಲ. ತಿರುವಿನಲ್ಲಿ ಕಾಲು ಬದಲಿಸುತ್ತದೆ, ಹೆದರಿದರೆ ಹಿಂದಕ್ಕೆ ಒತ್ತುತ್ತದೆ, ಅದರ ಭಾರವೆಲ್ಲ ಎತ್ತರದಲ್ಲಿರುತ್ತದೆ. ಕುದುರೆಗಳು ಅಕ್ಕಪಕ್ಕ ನಿಲ್ಲುವ ಟ್ರೇಲರಿನಲ್ಲಿ ಒಂದೇ ಕುದುರೆ ಇದ್ದರೆ ಅದನ್ನು ಎಡಕ್ಕೆ, ಚಾಲಕನ ಬದಿಗೆ ನಿಲ್ಲಿಸುತ್ತಾರೆ; ಇಲ್ಲಿ ರಸ್ತೆಯ ಬಲಕ್ಕೆ ಓಡಿಸುವುದರಿಂದ ಮತ್ತು ರಸ್ತೆ ಅಂಚಿನತ್ತ ಇಳಿಜಾರಾಗಿರುವುದರಿಂದ.

ನಿಜವಾದ ಪರೀಕ್ಷೆ ತಕ್ಕಡಿಯಲ್ಲೇ. ಹೆದ್ದಾರಿಯ ಟ್ರಕ್ ಸ್ಟಾಪ್‌ಗಳಲ್ಲಿ ಕ್ಯಾಟ್ ಸ್ಕೇಲ್ ಎಂಬ ವೇಬ್ರಿಡ್ಜ್ ಇರುತ್ತದೆ, ನಮ್ಮ ಸಕ್ಕರೆ ಕಾರ್ಖಾನೆಯ ಗೇಟಿನಲ್ಲಿ ಇರುವಂಥದ್ದೇ. ವ್ಯತ್ಯಾಸವೆಂದರೆ ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಟ್ರೇಲರ್ ಮೂರನ್ನೂ ಬೇರೆ ಬೇರೆ ತೂಗಿ ಚೀಟಿ ಕೊಡುತ್ತದೆ. ಒಮ್ಮೆ ಮನೆಮಂದಿಯೆಲ್ಲ ಕೂತು ಟ್ರಕ್ ಮಾತ್ರ ತೂಗಿಸಿ, ಇನ್ನೊಮ್ಮೆ ಕುದುರೆ ಸಮೇತ ಟ್ರೇಲರ್ ಕಟ್ಟಿ ತೂಗಿಸಿ. ಭಾರ ಹಂಚುವ ಹಿಚ್ ಇಲ್ಲದಿದ್ದರೆ, ಟ್ರಕ್ಕಿನ ಎರಡು ಆಕ್ಸಲ್‌ಗಳ ಮೇಲೆ ಎಷ್ಟು ಹೆಚ್ಚಾಯಿತೋ ಅದೇ ಮೂಕಿಭಾರ. ಮುಂದಿನ ಆಕ್ಸಲ್ ಎಷ್ಟು ಹಗುರಾಯಿತು ಎಂಬುದೂ ಅದೇ ಚೀಟಿಯಲ್ಲಿ ಸಿಗುತ್ತದೆ.

ನಾವು ಕೊನೆಗೆ ಕೊಂಡದ್ದು ಡ್ರೆಸ್ಸಿಂಗ್ ರೂಮ್ ಇಲ್ಲದ, 2,600 ಪೌಂಡಿನ ಟ್ರೇಲರ್. ಒಂದೇ ಕುದುರೆ ಒಯ್ಯುತ್ತೇವೆ. ಎರಡನೆಯದಕ್ಕೆ ಜಾಗವಿದ್ದರೂ ಹತ್ತಿಸುವುದಿಲ್ಲ. ಚಿಕ್ಕ ಟ್ರಕ್ಕಿಗೆ ಒಂದು ಕುದುರೆ, ಹಗುರ ಟ್ರೇಲರ್ ಧಾರಾಳವಾಗಿ ಸರಿಹೋಗುತ್ತದೆ. ಎರಡು ಕುದುರೆಗೆ ದೊಡ್ಡ ಟ್ರಕ್ ಬೇಕು.

ನೀವು ಟ್ರೇಲರ್ ನೋಡಲು ಹೊರಟರೆ ಟಾರ್ಚು, ಸ್ಕ್ರೂಡ್ರೈವರ್, ನಿಮ್ಮ ಬಾಗಿಲ ಪಟ್ಟಿಯ ಫೋಟೋ, ಈ ಮೂರನ್ನು ಮರೆಯಬೇಡಿ. ಹಾಸು ಎತ್ತಲು ಬಿಡದವರ ಹತ್ತಿರ ಟ್ರೇಲರ್ ಕೊಳ್ಳಬೇಡಿ.