ಕೆಲಸ ಹೋಯ್ತು, ವಿಮೆ ಎಷ್ಟು ದಿನ?

ಅಮೆರಿಕದಲ್ಲಿರುವ ಮಗನ ಕೆಲಸ ಹೋಯ್ತು ಅಂತ ಗೊತ್ತಾದ ದಿನ, ಇಲ್ಲಿ ಮೈಸೂರಲ್ಲೋ ದಾವಣಗೆರೆಯಲ್ಲೋ ಕೂತ ಅಪ್ಪ-ಅಮ್ಮ ಕೇಳುವ ಮೊದಲ ಪ್ರಶ್ನೆ ವೀಸಾದ್ದು. ಎರಡನೇದು ಮನೆ ಸಾಲದ್ದು. ಮೂರನೇ ಪ್ರಶ್ನೆಯನ್ನ ಯಾರೂ ಕೇಳಲ್ಲ. ಸೊಸೆಗೆ ಮುಂದಿನ ತಿಂಗಳು ಆಪರೇಷನ್ ಇದ್ದರೆ ಆ ಬಿಲ್ ಕಟ್ಟೋದು ಯಾರು?

ನನ್ನ ಜೊತೆ ಇಂಜಿನಿಯರಿಂಗ್ ಓದಿದ ಗೆಳೆಯನೊಬ್ಬನಿಗೆ ಆಗಿದ್ದು ಇದೇ. ರಾತ್ರಿ ಬುಲೆಟಿನ್ ಮುಗಿಸಿ ಹೊರಗೆ ಬಂದಾಗ ಅವನ ಫೋನು. "ಕೋಬ್ರಾ ತಗೊಳ್ಳೋದೋ ಬೇಡ್ವೋ ಹೇಳು" ಅಂದ. ಒಂದು ಕ್ಷಣ ಹಾವಿನ ವಿಷಯ ಅಂದುಕೊಂಡೆ ನಾನು. ಹಾವಲ್ಲ, ಅದು ಕಾನೂನು. ಅಮೆರಿಕದ ಸಂಸತ್ತು 1985ರ ಬಜೆಟ್ ಮಸೂದೆಯೊಳಗೆ ಸೇರಿಸಿದ್ದು, ಅಧ್ಯಕ್ಷ ರೇಗನ್ 1986ರ ಏಪ್ರಿಲ್‌ನಲ್ಲಿ ಸಹಿ ಹಾಕಿದ್ದು. ಮಸೂದೆಯ ಉದ್ದನೆಯ ಹೆಸರಿನ ಮೊದಲಕ್ಷರಗಳನ್ನ ಜೋಡಿಸಿದ್ರೆ ಕೋಬ್ರಾ ಆಗುತ್ತೆ, ಅಷ್ಟೇ.

ಅಲ್ಲಿ ಆರೋಗ್ಯ ವಿಮೆ ಕೆಲಸಕ್ಕೆ ಅಂಟಿಕೊಂಡಿದ್ದೇ ಒಂದು ವಿಚಿತ್ರ ಕಥೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಸರ್ಕಾರ ಸಂಬಳ ಏರಿಸೋದಕ್ಕೆ ಕಡಿವಾಣ ಹಾಕ್ತು. ಕೆಲಸಗಾರರನ್ನ ಉಳಿಸಿಕೊಳ್ಳೋಕೆ ಕಂಪನಿಗಳು ಸಂಬಳದ ಬದಲು ವಿಮೆ ಕೊಡೋಕೆ ಶುರು ಮಾಡಿದವು. ಆಮೇಲೆ ತೆರಿಗೆ ವಿನಾಯಿತಿ ಸೇರಿಕೊಳ್ತು, ಪದ್ಧತಿ ಗಟ್ಟಿಯಾಯ್ತು. ಕೆಲಸ ಹೋದ್ರೆ ವಿಮೆನೂ ಹೋಗುತ್ತೆ ಅನ್ನೋ ಸಮಸ್ಯೆ ಅಲ್ಲಿಂದ ಬಂದಿದ್ದು.

ಕೋಬ್ರಾ ಹೇಳೋದು ಇಷ್ಟು: 20 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಕಂಪನಿ ನಿಮ್ಮನ್ನ ತೆಗೆದುಹಾಕಿದ್ರೂ, ನೀವಾಗೇ ಬಿಟ್ಟರೂ, ಅದೇ ವಿಮೆಯನ್ನ 18 ತಿಂಗಳವರೆಗೆ ಮುಂದುವರಿಸೋ ಹಕ್ಕು ನಿಮಗಿದೆ. ಗಂಭೀರ ದುರ್ನಡತೆಗಾಗಿ ವಜಾ ಆದವರಿಗೆ ಮಾತ್ರ ಇಲ್ಲ. ಅದೇ ಡಾಕ್ಟರು, ಅದೇ ಆಸ್ಪತ್ರೆ, ಅದೇ ಕಾರ್ಡು. ಬದಲಾಗೋದು ಒಂದೇ, ದುಡ್ಡು ಕಟ್ಟುವವರು.

ಎಷ್ಟು ದುಡ್ಡು? ಕೈಸರ್ ಸಂಸ್ಥೆಯ 2024ರ ಸಮೀಕ್ಷೆ ಪ್ರಕಾರ ಕಂಪನಿಗಳು ಕೊಡುವ ಕುಟುಂಬ ವಿಮೆಯ ಸರಾಸರಿ ವಾರ್ಷಿಕ ಪ್ರೀಮಿಯಂ 25,572 ಡಾಲರ್. ಅದರಲ್ಲಿ ನೌಕರನ ಪಾಲು ಸರಾಸರಿ 6,296. ಅಂದ್ರೆ ತಿಂಗಳಿಗೆ 525 ಡಾಲರ್ ಹತ್ತಿರ ಸಂಬಳದಲ್ಲಿ ಕಟ್ ಆಗ್ತಿತ್ತು, ಗಮನಕ್ಕೂ ಬರ್ತಿರಲಿಲ್ಲ. ಕೋಬ್ರಾದಲ್ಲಿ ಪೂರ್ತಿ ಪ್ರೀಮಿಯಂ ಜೊತೆಗೆ ಶೇಕಡಾ 2ರಷ್ಟು ಆಡಳಿತ ಶುಲ್ಕ ಕೇಳಬಹುದು. ಲೆಕ್ಕ ಹಾಕಿ, ತಿಂಗಳಿಗೆ 2,174 ಡಾಲರ್. ಸಂಬಳ ನಿಂತ ತಿಂಗಳೇ ವಿಮೆ ಖರ್ಚು ನಾಲ್ಕು ಪಟ್ಟು. ಹಕ್ಕು ಕೊಟ್ಟಿದ್ದಾರೆ, ಅದನ್ನ ಬಳಸೋಕೆ ಬೇಕಾದ ದುಡ್ಡಿನ ದಾರಿ ತೋರಿಸಿಲ್ಲ. ಕಾನೂನಿನ ದೊಡ್ಡ ಓಟೆ ಇದೇ ಅಂತ ನನ್ನ ಅಭಿಪ್ರಾಯ.

ಆದ್ರೆ ಇದರೊಳಗೆ ಬಹಳ ಜನಕ್ಕೆ ಗೊತ್ತಿಲ್ಲದ ಎರಡು ವಿಷಯ ಇವೆ. ಒಂದು, ನಿರ್ಧಾರಕ್ಕೆ 60 ದಿನ ಸಮಯ ಇದೆ, ಮತ್ತು ಆಯ್ಕೆ ಮಾಡಿದಾಗ ವಿಮೆ ಹಿಂದಿನಿಂದಲೇ, ಅಂದ್ರೆ ಹಳೇ ವಿಮೆ ನಿಂತ ದಿನದಿಂದಲೇ ಜಾರಿಗೆ ಬರುತ್ತೆ. ಆಯ್ಕೆ ಮಾಡಿದ ಮೇಲೆ ಮೊದಲ ಕಂತಿಗೆ ಇನ್ನೂ 45 ದಿನ. ಹಾಗಾಗಿ ಕೆಲವರು ಕಾದು ನೋಡ್ತಾರೆ. 40ನೇ ದಿನ ಕಾಲು ಮುರಿದ್ರೆ ಆಗ ಅರ್ಜಿ ಹಾಕಿ, ಅಲ್ಲಿವರೆಗಿನ ಬಾಕಿ ಪೂರ್ತಿ ಕಟ್ಟಿದ್ರೆ ಆಯ್ತು. ನಡುವೆ ಆಸ್ಪತ್ರೆ "ನಿಮಗೆ ವಿಮೆನೇ ಇಲ್ವಲ್ಲ" ಅನ್ನಬಹುದು, ಆಮೇಲೆ ಕ್ಲೇಮ್ ಮಾಡೋ ಓಡಾಟ ಇದ್ದೇ ಇದೆ. 61ನೇ ದಿನ ಏನಾದ್ರೂ ಆದ್ರೆ ಮಾತ್ರ ಯಾರೂ ಕೇಳಲ್ಲ.

ಎರಡು, ಮನೆಯ ಪ್ರತಿಯೊಬ್ಬರಿಗೂ ಪ್ರತ್ಯೇಕ ಹಕ್ಕಿದೆ. ಗೆಳೆಯನ ಸಂಕಟ ಬಗೆಹರಿದಿದ್ದು ಇಲ್ಲೇ. ಆಪರೇಷನ್ ಇದ್ದದ್ದು ಹೆಂಡತಿಗೆ. ಅವಳೊಬ್ಬಳ ಹೆಸರಲ್ಲಿ ಕೋಬ್ರಾ ತಗೊಂಡ. ಅದೇ 2024ರ ಸಮೀಕ್ಷೆಯಲ್ಲಿ ಒಬ್ಬರ ಸರಾಸರಿ ಪ್ರೀಮಿಯಂ ವರ್ಷಕ್ಕೆ 8,951 ಡಾಲರ್ ಇತ್ತು, ಶುಲ್ಕ ಸೇರಿ ತಿಂಗಳಿಗೆ ಸುಮಾರು 761 ಆಗ್ತಿತ್ತು. ಇವನಿಗೂ ಮಗುವಿಗೂ ಸರ್ಕಾರಿ ಮಾರ್ಕೆಟ್‌ಪ್ಲೇಸ್‌ನಲ್ಲಿ ಅಗ್ಗದ ಪಾಲಿಸಿ. ಅದಕ್ಕೂ ವಿಮೆ ಹೋದ ದಿನದಿಂದ 60 ದಿನದ ಗಡುವಿದೆ. ಇನ್ನೊಂದು ಎಚ್ಚರಿಕೆ: ಆ ಗಡುವು ದಾಟಿದ ಮೇಲೆ ಕೋಬ್ರಾವನ್ನ ಮಧ್ಯದಲ್ಲಿ ನೀವಾಗೇ ಕೈಬಿಟ್ಟರೆ, ಮಾರ್ಕೆಟ್‌ಪ್ಲೇಸ್ ಬಾಗಿಲು ಮುಂದಿನ ವಾರ್ಷಿಕ ನೋಂದಣಿವರೆಗೆ ತೆರೆಯಲ್ಲ.

ಇನ್ನು ನಮ್ಮ ಹುಡುಗರು ಎಡವೋದು ಎಲ್ಲಿ ಗೊತ್ತಾ? ಎಚ್-1ಬಿ ವೀಸಾದವರಿಗೂ ಹೊಸ ಕೆಲಸ ಹುಡುಕೋಕೆ ಸಿಗೋದು ಹೆಚ್ಚೆಂದರೆ 60 ದಿನ. ಎರಡೂ ಅರವತ್ತು, ಎರಡೂ ಒಂದೇ ಅಂದುಕೊಳ್ತಾರೆ. ಅಲ್ಲ. ವೀಸಾ ಗಡಿಯಾರ ಓಡೋದು ಕೆಲಸ ನಿಂತಾಗಿನಿಂದ. ಕೋಬ್ರಾದ್ದು ವಿಮೆ ನಿಂತ ದಿನ ಅಥವಾ ನೋಟಿಸ್ ಕೊಟ್ಟ ದಿನ, ಇವುಗಳಲ್ಲಿ ಯಾವುದು ತಡವೋ ಅಲ್ಲಿಂದ. ಆ ನೋಟಿಸ್ ಸಾಮಾನ್ಯವಾಗಿ ಅಂಚೆಯಲ್ಲಿ ಕಂಪನಿಗೆ ಗೊತ್ತಿರೋ ಕೊನೇ ವಿಳಾಸಕ್ಕೆ ಹೋಗುತ್ತೆ. ಬಾಡಿಗೆ ಉಳಿಸೋಕೆ ಮನೆ ಬದಲಿಸಿ, ವಿಳಾಸ ತಿಳಿಸದೇ ಇದ್ದರೆ ಲಕೋಟೆ ಹಳೇ ಮನೆ ಡಬ್ಬಿಯಲ್ಲಿ ಕೂತಿರುತ್ತೆ, ದಿನ ಮಾತ್ರ ಕಳೀತಾ ಇರುತ್ತೆ. ಕಂಪನಿಯೇ ಮುಚ್ಚಿ ಅದರ ವಿಮಾ ಯೋಜನೆಯೇ ಇಲ್ಲವಾದ್ರೆ ಕೋಬ್ರಾನೂ ಇಲ್ಲ.

ಸರಿ, ಬೆಂಗಳೂರಲ್ಲಿ ಕೆಲಸ ಹೋದ್ರೆ? ನಮ್ಮಲ್ಲಿ ಕೋಬ್ರಾ ಥರದ ಕಾನೂನು ಇಲ್ಲ. ಗ್ರೂಪ್ ಪಾಲಿಸಿ ಸಾಮಾನ್ಯವಾಗಿ ಕೊನೇ ದಿನಕ್ಕೇ ಮುಗಿಯುತ್ತೆ, ಅದರಡಿ ಇದ್ದ ಅಪ್ಪ-ಅಮ್ಮನ ರಕ್ಷಣೆಯೂ ಅವತ್ತೇ ಮುಗಿಯುತ್ತೆ. ಇರೋದು ಮೈಗ್ರೇಷನ್ ಸೌಲಭ್ಯ. ವಿಮಾ ನಿಯಂತ್ರಣ ಪ್ರಾಧಿಕಾರದ ನಿಯಮದಂತೆ, ಅದೇ ವಿಮಾ ಕಂಪನಿಯ ವೈಯಕ್ತಿಕ ಪಾಲಿಸಿಗೆ ವರ್ಗವಾಗೋಕೆ ಅರ್ಜಿ ಹಾಕಬಹುದು. ಗ್ರೂಪ್‌ನಲ್ಲಿ ಕಳೆದ ವರ್ಷಗಳು ಕಾಯುವ ಅವಧಿಯ ಲೆಕ್ಕಕ್ಕೆ ಬರ್ತವೆ. ಇದು ಸಣ್ಣ ವಿಷಯ ಅಲ್ಲ. ಈಗಾಗಲೇ ಇರುವ ಸಕ್ಕರೆ ಕಾಯಿಲೆ, ಬಿಪಿಯಂಥವಕ್ಕೆ ಹೊಸ ಪಾಲಿಸಿಯಲ್ಲಿ 3 ವರ್ಷದವರೆಗೆ ಕಾಯಿಸಬಹುದು. 64 ವಯಸ್ಸಿನ ತಾಯಿಗೆ 3 ವರ್ಷ ಅಂದ್ರೆ ಎಷ್ಟು, ನೀವೇ ಯೋಚಿಸಿ. ಆದ್ರೆ ಇಲ್ಲೂ ಒಂದು ಕೊಕ್ಕೆ ಇದೆ. ವಿಮಾ ಕಂಪನಿ ಆರೋಗ್ಯ ತಪಾಸಣೆ ಕೇಳಬಹುದು, ವಯಸ್ಸಿಗೆ ತಕ್ಕ ಪ್ರೀಮಿಯಂ ಹಾಕಬಹುದು.

ಆದ್ದರಿಂದ ರಿಲೀವಿಂಗ್ ಲೆಟರ್‌ಗಾಗಿ ಎಚ್‌ಆರ್ ಮುಂದೆ ನಿಂತಾಗ ಪಿಎಫ್ ಒಂದನ್ನೇ ಕೇಳಿ ಬರಬೇಡಿ. ಗ್ರೂಪ್ ಪಾಲಿಸಿಯ ಸಂಖ್ಯೆ, ನೀವು ಮತ್ತು ನಿಮ್ಮ ತಂದೆ-ತಾಯಿ ಯಾವ ದಿನದಿಂದ ಯಾವ ದಿನದವರೆಗೆ ಅದರಲ್ಲಿದ್ರಿ ಅನ್ನೋ ಪತ್ರ, ಎರಡನ್ನೂ ಬರಹದಲ್ಲೇ ತಗೊಳ್ಳಿ. ಮೈಗ್ರೇಷನ್ ಅರ್ಜಿಯನ್ನ ಕೊನೇ ದಿನಕ್ಕಿಂತ ಮೊದಲೇ, ಇನ್ನೂ ನೋಟಿಸ್ ಪೀರಿಯಡ್‌ನಲ್ಲಿ ಇರುವಾಗಲೇ ಹಾಕಿ.