ಬೈಸಿಕಲ್ಲಿಗೆ ತಕ್ಕ ಬೀಗ



ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆಂಬ ಗಾದೆ ನಮ್ಮಲ್ಲಿ ಹಳೆಯದು. ಬೈಸಿಕಲ್ಲಿನ ವಿಷಯದಲ್ಲಿ ಈ ಗಾದೆ ನಿಜವಾಗುವುದನ್ನು ನಾವು ಮೇಲಿಂದ ಮೇಲೆ ಕಾಣುತ್ತೇವೆ. ಸಾವಿರಾರು ರೂಪಾಯಿ ತೆತ್ತು ಗಾಡಿಯನ್ನು ಕೊಳ್ಳುವವರು ಅದರ ಬಣ್ಣ, ಗಂಟೆ, ಪೀಠ ಮುಂತಾದುವುಗಳನ್ನು ಅರ್ಧ ತಾಸು ಪರೀಕ್ಷಿಸಿ, ಬೀಗದ ಮಾತು ಬಂದಾಗ ಮಾತ್ರ ಅಂಗಡಿಯವನು ಕೊಟ್ಟುದನ್ನೇ ಹಿಡಿದು ಹೊರಡುತ್ತಾರೆ. ಈ ಆಯ್ಕೆಯನ್ನು ವಿವೇಕದಿಂದ ಮಾಡುವ ಬಗೆ ಹೇಗೆಂಬುದೇ ಈ ಭಾಷಣದ ವಿಷಯ.

ಹೊಸಪೇಟೆಯ ಸುತ್ತಣ ಸೀಮೆಯಲ್ಲಿ ಬೈಸಿಕಲ್ಲು ಬರಿಯ ವಿನೋದದ ಸಾಧನವಲ್ಲ. ದೂರವು ವಿದ್ಯೆಗೆ ಅಡ್ಡಿಯಾಗಬಾರದೆಂದು ಕರ್ನಾಟಕ ಸರ್ಕಾರವು 2006-07ರಲ್ಲಿ 8ನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ಲು ಕೊಡುವ ಯೋಜನೆಯನ್ನು ಆರಂಭಿಸಿತು. ಕಂಪ್ಲಿಯ ಗದ್ದೆಬಯಲಿನ ಹಳ್ಳಿಯೊಂದರಿಂದ ಪ್ರೌಢಶಾಲೆಗೆ ಬರುವ ಹುಡುಗಿಯ ಗಾಡಿ ಕಳುವಾದರೆ, ಹೋಗುವುದು ಗಾಡಿಯೊಂದೇ ಅಲ್ಲ. ಅವಳ ಓದಿಗೂ ಕುಂದು ಬರಬಹುದು. ಹಂಪಿಯಲ್ಲಿ ಬಾಡಿಗೆಗೆ ಗಾಡಿಗಳನ್ನು ಕೊಡುವವನಿಗೆ ಅವೇ ಜೀವನಾಧಾರ. ಆದುದರಿಂದ ಬೀಗವೆಂಬುದು ಅಲ್ಪವಾದ ವಸ್ತುವಾದರೂ ಅದು ಕಾಯುವ ವಸ್ತು ಅಲ್ಪವಾದುದಲ್ಲ.

ಮೊದಲು ತಿಳಿಯತಕ್ಕುದೇನೆಂದರೆ, ಒಡೆಯಲಾಗದ ಬೀಗವು ಲೋಕದಲ್ಲಿಲ್ಲ. 1851ರಲ್ಲಿ ಲಂಡನ್ನಿನ ಮಹಾಪ್ರದರ್ಶನದ ಕಾಲದಲ್ಲಿ ಹಾಬ್ಸ್ ಎಂಬ ಅಮೆರಿಕದ ಕುಶಲನು, ಯಾರಿಂದಲೂ ತೆರೆಯಲಾಗದೆಂದು ಹೆಸರಾಗಿದ್ದ ಚಬ್ ಮತ್ತು ಬ್ರಾಮಾ ಬೀಗಗಳೆರಡನ್ನೂ ತೆರೆದು ತೋರಿಸಿದನು. ಚಬ್ಬಿನ ಬೀಗಕ್ಕೆ ಅವನಿಗೆ ಅರ್ಧ ಗಂಟೆಯೂ ಹಿಡಿಯಲಿಲ್ಲ; ಬ್ರಾಮಾ ಬೀಗಕ್ಕೆ ಹಲವು ದಿನಗಳ ಶ್ರಮ ಬೇಕಾಯಿತು. ಎರಡೂ ತೆರೆದುವು ನಿಜ. ಆದರೆ ಎರಡೂ ಸಮಾನವಲ್ಲ. ಬೀಗವು ನಮಗೆ ಕೊಡುವುದು ಕಾಲವನ್ನು. ಕಳ್ಳನಾದವನು ಜನರ ಕಣ್ಣಿಗೆ ಬೀಳದೆ ಎಷ್ಟು ಹೊತ್ತು ಕೆಲಸಮಾಡಬಲ್ಲನೋ ಅದಕ್ಕಿಂತ ಹೆಚ್ಚು ಹೊತ್ತು ತಡೆದು ನಿಲ್ಲುವ ಬೀಗವೇ ಒಳ್ಳೆಯ ಬೀಗ.

ಈ ಅಳತೆಗೋಲಿನಿಂದ ಪೇಟೆಯಲ್ಲಿ ದೊರೆಯುವ ಬಗೆಗಳನ್ನು ನೋಡೋಣ. ಹಿಂದಿನ ಗಾಲಿಯ ಮೇಲೆ ಕುದುರೆಲಾಳದಂತೆ ಕೂರುವ ಬೀಗವು ನಮ್ಮಲ್ಲಿ ಸರ್ವತ್ರ ರೂಢಿಯಲ್ಲಿರುವುದು. ಇದು ಗಾಲಿಯನ್ನು ಉರುಳಗೊಡುವುದಿಲ್ಲವೇ ಹೊರತು ಗಾಡಿಯನ್ನು ನೆಲಕ್ಕೆ ಕಟ್ಟಿಹಾಕುವುದಿಲ್ಲ; ಸುಮಾರು 20 ಕಿಲೋ ತೂಕದ ಗಾಡಿಯನ್ನು ಇಬ್ಬರು ಎತ್ತಿ ಲಾರಿಗೆ ಹಾಕಿಕೊಂಡರೆ ಈ ಬೀಗವೂ ಅದರೊಡನೆಯೇ ಪಯಣಮಾಡುವುದು. ಎರಡನೆಯದು ತಂತಿಹಗ್ಗದ ಬೀಗ. ನೋಡಲು ದಪ್ಪವಾಗಿದ್ದರೂ ಇದರೊಳಗಿರುವುದು ಸಣ್ಣ ತಂತಿಗಳ ಕಟ್ಟು; ಮೇಲಣ ಪ್ಲಾಸ್ಟಿಕ್ಕೇ ದಪ್ಪದಲ್ಲಿ ಹೆಚ್ಚಿನ ಪಾಲು. ಸಾಧಾರಣವಾದ ಕತ್ತರಿಯಿಂದ ಇದನ್ನು ಎಳೆ ಎಳೆಯಾಗಿ ಕತ್ತರಿಸಬಹುದು. ಮೂರನೆಯದು ಸರಪಣಿ, ನಾಲ್ಕನೆಯದು ಗಟ್ಟಿಸರಳನ್ನು ಬಗ್ಗಿಸಿ ಮಾಡಿದ ಯು ಆಕಾರದ ಬೀಗ. ಕಾಲವನ್ನು ಗಳಿಸಿಕೊಡುವುವು ಈ ಕೊನೆಯ ಎರಡು.

ಇವುಗಳಲ್ಲಿಯೂ ಲೋಹವನ್ನು ಪರೀಕ್ಷಿಸಬೇಕು. ಸಂಡೂರಿನ ಬೆಟ್ಟಗಳ ಕೆಂಪು ಅದಿರಿನಲ್ಲಿರುವುದೂ ಕಬ್ಬಿಣವೇ, ಬೀಗದ ಕೊಂಡಿಯಲ್ಲಿರುವುದೂ ಕಬ್ಬಿಣವೇ. ಆದರೆ ಅದರಲ್ಲಿ ಬೆರೆತ ಇಂಗಾಲದ ಪ್ರಮಾಣ ಹಾಗೂ ಕಾಯಿಸಿ ತಣಿಸಿದ ಕ್ರಮ, ಇವೆರಡರಿಂದ ಅದು ಮೆದುವೂ ಆಗಬಹುದು, ಗಡುಸೂ ಆಗಬಹುದು. ಪೂರ್ತಿ ಗಡುಸಾದರೆ ಪೆಟ್ಟಿಗೆ ಸಿಡಿಯುವುದು. ಹೊರಮೈ ಗಡುಸಾಗಿ ಒಳಗು ಜಿಗುಟಾಗಿರುವುದೇ ಉತ್ತಮ. ಅಂಗಡಿಯವನ ಅನುಮತಿ ಪಡೆದು ಕೊಂಡಿಯ ಮರೆಯಾದ ಭಾಗಕ್ಕೆ ಸಣ್ಣ ಅರವನ್ನು ತಾಗಿಸಿ ನೋಡಿರಿ: ಅರವು ಜಾರಿದರೆ ಉಕ್ಕು ಗಡುಸು, ಕಚ್ಚಿದರೆ ಮೆದು. ಬೀಗದ ಒಡಲಿಗೆ ಅಯಸ್ಕಾಂತವನ್ನು ಹಿಡಿಯಿರಿ: ಅಂಟದಿದ್ದರೆ ಅದು ಹಿತ್ತಾಳೆಯೋ ಸತುವಿನ ಎರಕವೋ ಇರಬಹುದು, ಸತುವಿನ ಎರಕವು ಸುತ್ತಿಗೆಯ ಪೆಟ್ಟಿಗೆ ಒಡೆಯುವಂಥದು. ಗಾತ್ರದ ಲೆಕ್ಕವನ್ನೂ ಮರೆಯಬಾರದು. 6 ಮಿಲಿಮೀಟರಿನ ಸರಳಿಗಿಂತ 12 ಮಿಲಿಮೀಟರಿನದು ದಪ್ಪದಲ್ಲಿ ಎರಡರಷ್ಟಾದರೂ, ಕತ್ತರಿಸಬೇಕಾದ ಲೋಹ ನಾಲ್ಕರಷ್ಟು. ದಪ್ಪ ಸರಪಣಿಗೆ ಸಣ್ಣ ಬೀಗವನ್ನು ಹಾಕಿದರೆ ಕಳ್ಳನು ಸರಪಣಿಯನ್ನು ಮುಟ್ಟುವುದೇ ಇಲ್ಲ.

ಇನ್ನು ಒಳಗಿನ ಯಂತ್ರ. 2004ರಲ್ಲಿ ಅಮೆರಿಕದಲ್ಲಿ, ಕೊಳವೆಯಾಕಾರದ ಬೀಗದ ಕೈಯುಳ್ಳ ಬಲವಾದ ಬೀಗಗಳನ್ನು ಸಾಧಾರಣ ಲೇಖನಿಯ ಪ್ಲಾಸ್ಟಿಕ್ ಕೊಳವೆಯಿಂದಲೇ ತೆರೆಯಬಹುದೆಂಬುದು ಬಯಲಾಗಿ ದೊಡ್ಡ ಗದ್ದಲವೆದ್ದಿತು. ಅಂಥ ಕೈಯುಳ್ಳವನ್ನು ಬಿಡುವುದು ಲೇಸು. ಮೂರು ಅಂಕೆಯ ಬೀಗದಲ್ಲಿ ಇರುವುದು 1000 ಜೋಡಣೆಗಳು. ಒಂದೊಂದಕ್ಕೆ ಎರಡು ಸೆಕೆಂಡಿನಂತೆ ಎಲ್ಲವನ್ನೂ ತಿರುಗಿಸಿ ನೋಡಲು ಸುಮಾರು 33 ನಿಮಿಷ ಸಾಕು. 1907ರಲ್ಲಿ ಫಿನ್ಲೆಂಡಿನ ಎಮಿಲ್ ಹೆನ್ರಿಕ್ಸನ್ ಕಂಡುಹಿಡಿದ ಬಿಲ್ಲೆಗಳ ಯಂತ್ರದಲ್ಲಿ ಸಣ್ಣ ಸ್ಪ್ರಿಂಗುಗಳ ಮೇಲೆ ಕುಣಿಯುವ ಮೊಳೆಗಳಿಲ್ಲವಾದುದರಿಂದ, ಅದಿರಿನ ಧೂಳು ಹಾರುವ ಸಂಡೂರಿನಂಥ ಕಡೆಗೆ ಅದು ಹೆಚ್ಚು ಒಪ್ಪುವುದು. ಎಣ್ಣೆಯನ್ನು ಸುರಿದರೆ ಧೂಳು ಅಂಟಿಕೊಂಡು ಕೆಸರಾಗುವುದು. ಅದರ ಬದಲು ಸೀಸದ ಕಡ್ಡಿಯ ನುಣ್ಣನೆಯ ಪುಡಿಯನ್ನು, ಅಂದರೆ ಗ್ರಾಫೈಟನ್ನು, ಸ್ವಲ್ಪ ಹಾಕುವುದು ಮೇಲು.

ಕೊಂಡ ಬೀಗವನ್ನು ಯಾವುದಕ್ಕೆ ಬಿಗಿಯುತ್ತೇವೆಂಬುದೂ ಅಷ್ಟೇ ಮುಖ್ಯ. ಮುಂಗಾಲಿಯೊಂದನ್ನೇ ಬಿಗಿದರೆ ಕಳ್ಳನು ಗಾಲಿಯನ್ನು ಬಿಟ್ಟು ಉಳಿದುದನ್ನು ಒಯ್ಯುವನು. ಆದುದರಿಂದ ಚೌಕಟ್ಟನ್ನೂ ಹಿಂಗಾಲಿಯನ್ನೂ ಕೂಡಿಸಿ, ನೆಲದಲ್ಲಿ ಹೂತ ಕಬ್ಬಿಣದ ಕಂಬಕ್ಕೆ ಕಟ್ಟತಕ್ಕದ್ದು. ಆದರೆ ಹಂಪಿಯಲ್ಲಿ ಒಂದು ಎಚ್ಚರಿಕೆ ಬೇಕು. 1986ರಿಂದ ವಿಶ್ವಪರಂಪರೆಯ ಪಟ್ಟಿಯಲ್ಲಿರುವ ಆ ಸ್ಥಳದ ಮಂಟಪದ ಕಂಬಗಳು ಬೈಸಿಕಲ್ಲಿನ ಗೂಟಗಳಲ್ಲ. ಗಡುಸಾದ ಸರಪಣಿಯ ಉಜ್ಜಿಗೆ ಐದು ಶತಮಾನ ನಿಂತ ಕೆತ್ತನೆಯ ಅಂಚು ಸವೆಯುವುದು. 2019ರಲ್ಲಿ ಅಲ್ಲಿ ಕಂಬಗಳನ್ನು ಕೆಡವಿದ ಯುವಕರಿಗೆ ನ್ಯಾಯಾಲಯವು ದಂಡ ವಿಧಿಸಿ, ಅವರ ಕೈಯಿಂದಲೇ ಅವನ್ನು ಮತ್ತೆ ನಿಲ್ಲಿಸಿತು. ನಮ್ಮ ಸೊತ್ತನ್ನು ಕಾಯುವ ಆತುರದಲ್ಲಿ ಎಲ್ಲರ ಸೊತ್ತನ್ನು ಕೆಡಿಸಲಾಗದು. ಬೇರೆ ಆಸರೆಯಿಲ್ಲದಿದ್ದರೆ ಇಬ್ಬರು ಸಂಗಡಿಗರು ತಮ್ಮ ಎರಡು ಗಾಡಿಗಳನ್ನು ಎದುರುಬದುರಾಗಿ ನಿಲ್ಲಿಸಿ, ಚೌಕಟ್ಟುಗಳನ್ನು ಒಂದೇ ಸರಪಣಿಯಿಂದ ಕೂಡಿಸಿ ಬಿಗಿಯಲಿ. ಎರಡನ್ನು ಕೂಡಿ ಹೊರುವುದು ಸುಲಭವಲ್ಲ.

ಬೆಲೆಯ ವಿಷಯದಲ್ಲಿ, ಗಾಡಿಯ ಮೌಲ್ಯದ ಹತ್ತರಲ್ಲೊಂದು ಪಾಲನ್ನು ಬೀಗಕ್ಕೆ ಮೀಸಲಿಡಬೇಕೆಂಬ ಅನುಭವಿಗಳ ಮಾತು ಸರಿಯಾದುದು. ಹಿಂಗಾಲಿಯ ಬೀಗವನ್ನು ತೆಗೆದುಹಾಕಬೇಕಾಗಿಲ್ಲ. ಅದರೊಡನೆ ಗಡುಸಾದ ಸರಪಣಿಯೊಂದು ಸೇರಿದರೆ ಕಳ್ಳನಿಗೆ ಎರಡು ಬಗೆಯ ಕೆಲಸ, ಎರಡರಷ್ಟು ಹೊತ್ತು. ಬೀಗದ ಕೈಯ ಸಂಖ್ಯೆಯನ್ನೂ, ಚೌಕಟ್ಟಿನ ಮೇಲೆ ಒತ್ತಿರುವ ಸಂಖ್ಯೆಯನ್ನೂ ಬರೆದು ಕೊಂಡ ರಸೀತಿಯ ಜೊತೆಗೆ ಮನೆಯಲ್ಲಿಡಿರಿ; ಗಾಡಿ ಕಳೆದುಹೋಗಿ ಠಾಣೆಯಲ್ಲಿ ಸಿಕ್ಕಿದಾಗ, ಅದು ನಿಮ್ಮದೆಂದು ಹೇಳುವ ಸಾಕ್ಷಿ ಅದೇ. ಕೊನೆಯದಾಗಿ, ಅಂಗಡಿಯ ಮುಂದೆ ಒಂದೇ ನಿಮಿಷ ನಿಲ್ಲುವಾಗಲೂ ಬೀಗವನ್ನು ಹಾಕುವ ಅಭ್ಯಾಸವನ್ನು ಮಕ್ಕಳಿಗೆ ಕಲಿಸಿರಿ. ಎಷ್ಟು ಬಲವಾದ ಬೀಗವಾದರೂ ಕೈಚೀಲದಲ್ಲಿದ್ದು ಗಾಡಿಯನ್ನು ಕಾಯಲಾರದು.